ನಂಜೇಶ್ ಸಾ ದನಿ

ಹಲೋ... ಯಾರು ಮಾತಾಡ್ತಿರೋದು? ಬಸ್ ಸದ್ದಲ್ಲಿ ಕೇಳ್ತಿಲ್ಲ... ಓ, ಶಿವಾನಕ್ಕನಾ?

ಹಾಂ, ದಿವ್ಯನೇ. ನಂಜನಗೂಡು ಬಸ್‌ಸ್ಟ್ಯಾಂಡಲ್ಲಿದೀನಿ... ಏನೂ ಆಗಿಲ್ಲ, ನಗು ತಡೆಯಕ್ಕಾಗ್ತಿಲ್ಲ ಅಷ್ಟೆ. ಇವತ್ತು ನಮ್ ಮಸಾಲೆ ಫ್ಯಾಕ್ಟರಿ ಓನರ್ ನಂಜೇಶ್ ಸಾಗೇ ಬೈದ್ಬಿಟ್ಟೆ ಕಣಕ್ಕ.

ಕೆಲಸ ಓಯ್ತಾ? ಇಲ್ಲ, ಇಲ್ಲ. ಮೊದ್ಲಿಂದ ಹೇಳ್ತೀನಿ ತಾಳು.

ಬೆಳಿಗ್ಗೆ ತಾಂಡ್ಯದ ಫ್ಯಾಕ್ಟರಿ ಆಫೀಸಲ್ಲಿ ಒಬ್ಳೇ ಕೂತಿದ್ದೆ. ಯಾವ್ದೋ ನಂಬರಿಂದ ಫೋನು. ನಂಜೇಶ್ ಸಾ ದನಿ, ಅದೇ ಕೆಮ್ಮು. ಸಾಂಬಾರ್ ಪುಡಿ ಅಳತೆ ಇರೋ ಫೈಲು, ಅದ್ರ ಪಾಸ್‌ವರ್ಡು, ಎರಡೂ ಈಗ್ಲೇ ಬೇಕು ಅಂತ... ಹೂಂ, ಅವರಪ್ಪ ಮೂವತ್ತು ವರ್ಷ ಬಚ್ಚಿಟ್ಟಿದ್ದ ಅಳತೆ. ಅದು ಆಚೆ ಓಯ್ತು ಅಂದ್ರೆ ಫ್ಯಾಕ್ಟರೀನೇ ಓಯ್ತು ಅಂತ.

ಫೈಲು ತೆಗೆದೂಬಿಟ್ಟಿದ್ದೆ. ಅಷ್ಟ್ರಲ್ಲಿ ‘ದಯವಿಟ್ಟು ಬೇಗ ಕಳಿಸಿ ದಿವ್ಯ ಅವರೇ’ ಅಂತು. ನಂಜೇಶ್ ಸಾ ಯಾವತ್ತಾದ್ರೂ ದಯವಿಟ್ಟು ಅಂದಿದ್ದಾರಾ?... ಅಲ್ವಾ?

‘ಸಾ, ನಿನ್ನೆ ನನ್ ಊಟದ ಡಬ್ಬೀಲಿ ಏನ್ ತಿಂದ್ರಿ?’ ಅಂದೆ... ಏನ್ ಹೇಳ್ತದೆ, ‘ಒಳ್ಳೆಯ ಪ್ರಶ್ನೆ, ಆದರೆ ಈಗ ತುರ್ತು’ ಅಂತು. ಫೋನ್ ಇಟ್ಬಿಟ್ಟೆ.

ಹೂಂ, ಎಐ ಅಂತೆ. ಅವರ ಜಾಹೀರಾತಿನ ವಿಡಿಯೋ ಇದ್ಯಲ್ಲ, ಅದ್ರಿಂದ ದನಿ ಕದ್ದು ಮಾತಾಡ್ಸವ್ರೆ. ಪೊಲೀಸ್‌ಗೂ ಹೇಳಾಯ್ತು.

ಬೈದಿದ್ದಾ? ಅಲ್ಲಿಗೇ ಬತ್ತೀನಿ. ಸಾ ನಂಬರ್‌ಗೆ ಮಾಡಿದ್ರೆ ಸ್ವಿಚ್ ಆಫ್. ಐದ್ ನಿಮಿಷಕ್ಕೆ ಇನ್ನೊಂದ್ ನಂಬರಿಂದ ಅದೇ ದನಿ. ‘ಲೇ ಕಳ್ಳ ಮಿಷನ್ನೇ, ಮತ್ತೆ ಮಾಡಿದ್ಯಾ, ಮಾನ ಮರ್ವಾದೆ ಇಲ್ವಾ? ಡಬ್ಬೀಲಿ ಏನ್ ತಿಂದೆ ಹೇಳೋ’ ಅಂದೆ. ಆ ಕಡೆಯಿಂದ ಮೆಲ್ಲಗೆ, ‘ನಿಮ್ಮವ್ವ ಹಾಕಿದ ಮಾಗಳಿ ಬೇರಿನ ಉಪ್ಪಿನಕಾಯಿ ಕಣಮ್ಮ, ಉಪ್ಪು ಜಾಸ್ತಿಯಾಗಿತ್ತು’ ಅಂದ್ರು. ನಿಜವಾದ ಸಾನೇ, ಹೆಂಡ್ತಿ ಫೋನಿಂದ ಮಾಡಿದ್ರಂತೆ.

ಕೋಪನಾ? ಇಲ್ಲ ಕಣಕ್ಕ. ಸಂಜೆ ಎಲ್ರನ್ನೂ ನಿಲ್ಸಿ, ‘ನನ್ ದನೀಲೇ ಫೈಲು ಕೇಳಿದ್ರೂ ಫೋನ್ ಇಟ್ಬಿಡಿ. ನಿಮ್ಮತ್ರ ಇರೋ ನಂಬರ್‌ಗೆ ನೀವೇ ತಿರುಗಿ ಮಾಡಿ. ಇಬ್ರು ಒಪ್ಪದೆ ಯಾವ ಫೈಲೂ ಆಚೆ ಓಗಕೂಡ್ದು. ಪಾಸ್‌ವರ್ಡ್ ಅಂತೂ ನಂಗೂ ಹೇಳ್ಬ್ಯಾಡಿ’ ಅಂದ್ರು. ನಾಳೆ ಇದನ್ನೆಲ್ಲ ನಲವತ್ ಜನಕ್ಕೂ ದಿವ್ಯನೇ ಬಿಡಿಸಿ ಹೇಳ್ತಾಳೆ ಅಂತ.

ಹೂಂ, ನಾನೇ. ಮೈಕ್ ಹಿಡ್ಕೊಂಡು. ಕಾಲು ನೆಲದ ಮೇಲೆ ನಿಲ್ತಾ ಇಲ್ಲ.

ನೀನೂ ಬತ್ತೀಯಾ? ನರಸೀಪುರದಿಂದ ಬೆಳಿಗ್ಗೆ ಏಳರ ಬಸ್ ಹತ್ತು... ಅವ್ವಂಗೆ ಮಾತ್ರ ಹೇಳ್ಬ್ಯಾಡ, ನಾನೇ ಹೇಳ್ಬೇಕು.

ಏನು? ಪಕ್ಕದಲ್ಲೇ ಕೂತವ್ಳಾ? ಎಲ್ಲಾ ಕೇಳುಸ್ಕೊಂಡ್ಳಾ? ಅಯ್ಯೋ... ಉಪ್ಪಿನಕಾಯಿದೂನಾ?

ಅಳ್ತಾವ್ಳಾ, ನಗ್ತಾವ್ಳಾ?... ಎರಡೂನಾ? ಕೊಡು, ಅವ್ಳ ಕೈಗೆ ಕೊಡು... ಅವ್ವಾ... ಅವ್ವಾ, ಕೇಳ್ತಾ ಇದ್ಯಾ... ಹಲೋ...