ವರ್ಣಮಾಲೆಯ ಸಾಲು

ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕನ್ನಡ ಟೈಪು ಮಾಡಿ ನಿವೃತ್ತರಾದ ಅನಸೂಯಾಬಾಯಿ ವಾಡಿ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲೇ ಸಿದ್ಧಲಿಂಗನೆಂಬವನು ಕನ್ನಡ ಅಕ್ಷರದ ಗುಂಡಿಗಳ ಕೀಬೋರ್ಡನ್ನು ಫೋನಿಗೆ ಜೋಡಿಸಿ ಗೆಳೆಯ ಸುಜಯನ ತೊಡೆಯ ಮೇಲಿಟ್ಟ.

“ಸಪ್ಪಳ ಭಾಳ ಚಂದ ಅದ. ನನ್ನ ಕೀಬೋರ್ಡಿಗಿಂತ ಮೆತ್ತಗದ,” ಎಂದ ಸುಜಯ, ಗುಂಡಿಗಳನ್ನು ಒತ್ತಿ ನೋಡುತ್ತ.

“ಒಂದೊಂದು ಸ್ವಿಚ್ಚಿಗೂ ಗ್ರೀಸ್ ಹಚ್ಚೀನಿ.”

“ಆದ್ರ ‘ಅ’ ಒತ್ತಿದ್ರ ‘ಟ’ ಬರ್ಲಿಕತ್ತದಲ್ಲೋ?”

“ಚಂದ ಕಾಣ್ಲಿ ಅಂತ ಗುಂಡಿ ಮ್ಯಾಲಿನ ಟೊಪ್ಪಿಗಿ ಅಷ್ಟೇ ಕಿತ್ತಿ ವರ್ಣಮಾಲೆ ಸಾಲಿನಾಗ ಕೂಡ್ಸೀನಿ. ಒಳಗಿನ ಸ್ವಿಚ್ಚು ಹಳೇ ಜಾಗದಾಗೇ ಅದಾವ.”

“ಮತ್ತ ಕನ್ನಡ ಹ್ಯಾಂಗ ಬರೀತಿ?”

“ಬರಿಯಂಗಿಲ್ಲ. ಎಲ್ಲಾ ಇಂಗ್ಲಿಷಿನಾಗೇ ಬಡೀತೀನಿ.”

“ಇದರ ಫೋಟೋ ಹಾಕಿದಾಗ ನಮ್ಮ ಕೀಬೋರ್ಡ್ ಗ್ರೂಪಿನವ್ರೆಲ್ಲಾ ನಿನಗ ಕನ್ನಡಾಭಿಮಾನಿ ಅಂದಿದ್ರು.”

“ಯಾರಿಗೂ ಹೇಳಬ್ಯಾಡೋ.”

ರೈಲು ಬಂತು. ಅನಸೂಯಾಬಾಯಿ ಬಗ್ಗಿ ಗುಂಡಿಗಳ ಸಾಲನ್ನೇ ನೋಡುತ್ತಿರುವುದನ್ನು ಕಂಡ ಸಿದ್ಧಲಿಂಗ ಕೀಬೋರ್ಡು ಎತ್ತಿಕೊಂಡು, ಅಕ್ಷರಗಳನ್ನು ಎದೆಗೆ ಒತ್ತಿ ಮುಚ್ಚಿಕೊಂಡು ಬೋಗಿ ಹತ್ತಿದ.