ಕೆಂಪಾಜಮ್ಮನ ನಾಯಿಯ ಕೊರಡು

ಹೆಸರು: ಮಹದೇವಪ್ರಸಾದ್ ಬಿನ್ ಲೇಟ್ ಗುರುಮಲ್ಲಪ್ಪ. ವಯಸ್ಸು: 38 ವರ್ಷ. ಕಸುಬು: ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹಾಲು ಪರೀಕ್ಷಕ. ವಾಸ: ಕಟ್ಟೆಹುಂಡಿ, ಹೊನ್ನೂರು ಅಂಚೆ, ಯಳಂದೂರು ತಾಲ್ಲೂಕು, ಮೈಸೂರು ಜಿಲ್ಲೆ.

ಈ ದಿನ, 28-3-1996ರ ಗುರುವಾರ ಬೆಳಿಗ್ಗೆ 11 ಗಂಟೆಗೆ ಠಾಣೆಗೆ ಕರೆಸಿ ವಿಚಾರಿಸಿದ ಮೇರೆಗೆ ನಾನು ತಿಳಿಸುವುದು ಇಷ್ಟು:

ಮೊನ್ನೆ ಮಂಗಳವಾರ ಸಂಜೆ ನಮ್ಮ ಡೈರಿಯಲ್ಲಿ ನಮ್ಮೂರಿನ ಸದಾಶಿವಪ್ಪನವರ ತಲೆಗೆ ಪೆಟ್ಟು ಬಿದ್ದಿದೆ. ಹೊಡೆದವರು ಕೆಂಪಾಜಮ್ಮ ಎಂದು ಅವರು ದೂರು ಕೊಟ್ಟಿದ್ದಾರೆ. ಕೆಂಪಾಜಮ್ಮ ನನ್ನ ಎದುರು ಮನೆಯವರು. ಸುಮಾರು 55 ವರ್ಷ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಒಂದು ಎಮ್ಮೆ ಇದೆ. ಅವರನ್ನು ಜೈಲಿಗೆ ಹಾಕಿದರೆ ಎಮ್ಮೆಗೆ ಹುಲ್ಲು ನೀರು ನೋಡುವವರು ಯಾರೂ ಇಲ್ಲ. ಮಂಗಳವಾರದ್ದನ್ನು ಮಾತ್ರ ಹೇಳಬೇಕೆಂದು ಸಾಹೇಬರು ಹೇಳಿದರು. ಅದರ ಹಿಂದಿನ ಮೂರು ವಾರ ಬಿಟ್ಟರೆ ಮಂಗಳವಾರದ್ದು ಅರ್ಥವಾಗುವುದಿಲ್ಲ ಎಂದು ನಾನು ಹೇಳಿದೆ. ಬರೆದುಕೊಳ್ಳಲು ಒಪ್ಪಿದರು. ಯಾರು ಏನು ಅಂದರೋ ಅದನ್ನು ಅವರ ಮಾತಿನಲ್ಲೇ ಹೇಳುತ್ತಿದ್ದೇನೆ.

4-3-1996ರ ಸೋಮವಾರ ಸಂಜೆ ಸದಾಶಿವಪ್ಪನವರ ಸೀಮೆಹಸು ನಾಲೆ ಏರಿಯ ಮೇಲೆ ಮೇಯುತ್ತಿತ್ತು. ಅದು ಏಳು ತಿಂಗಳ ಗಬ್ಬ. ಅದನ್ನು ಒಂದು ನಾಯಿ ಅಟ್ಟಿಸಿಕೊಂಡು ಹೋಗಿ, ಹಸು ನಾಲೆಯೊಳಕ್ಕೆ ಬಿತ್ತು. ನಾಲ್ಕು ಜನ ಹಗ್ಗ ಹಾಕಿ ಎತ್ತಿದರು. ಗುರುವಾರ ಹಸು ಕಂದು ಹಾಕಿತು. ಸತ್ತ ಕರುವನ್ನು ನಾನೂ ನೋಡಿದ್ದೇನೆ. ಹೆಣ್ಣುಕರು. ಸದಾಶಿವಪ್ಪನವರಿಗೆ ಆದ ನಷ್ಟ ಸುಳ್ಳಲ್ಲ. ಅವರ ಹೆಂಡತಿ ಮಾದೇವಮ್ಮ ಆ ದಿನ ಕೊಟ್ಟಿಗೆಯಿಂದ ಹೊರಕ್ಕೆ ಬರಲಿಲ್ಲ.

ಅಟ್ಟಿಸಿದ್ದು ಕೆಂಪಾಜಮ್ಮನವರ ನಾಯಿ ಕೆಂಚ ಎಂದು ಸದಾಶಿವಪ್ಪ ಊರ ಯಜಮಾನರಾದ ದೊಡ್ಡಮಾದಯ್ಯನವರಲ್ಲಿ ಹೇಳಿದರು. 10-3-1996ರ ಭಾನುವಾರ ಬೆಳಿಗ್ಗೆ 10 ಗಂಟೆಗೆ ಮಾರಿಗುಡಿ ಜಗಲಿಯ ಮೇಲೆ ನ್ಯಾಯ ಸೇರಿತು. ಸುಮಾರು ಮೂವತ್ತು ಜನ ಇದ್ದರು.

ಸದಾಶಿವಪ್ಪ, ‘ಕಣ್ಣಾರೆ ಕಂಡಿವ್ನಿ ಯಜಮಾನ್ರೇ, ಕೆಂಚು ನಾಯಿ’ ಎಂದರು.

ಕೆಂಪಾಜಮ್ಮ, ‘ಊರಲ್ಲಿ ಅನ್ನೊಂದು ಕೆಂಚು ನಾಯಿ ಅವೆ. ಯಜಮಾನ್ರ ಮನ್ಲೇ ಎರಡವೆ. ಅದರ ಬೆನ್ ಮ್ಯಾಲ ನನ್ ಹೆಸರು ಬರ್ದಿತ್ತಾ?’ ಎಂದರು. ಜನ ನಕ್ಕರು. ಯಜಮಾನರೂ ನಕ್ಕರು. ಸದಾಶಿವಪ್ಪ ನಗಲಿಲ್ಲ.

ಆಗ ಯಜಮಾನರು ಒಂದು ದಾರಿ ಹೇಳಿದರು. ಬೇಲಿ ನುಗ್ಗುವ ದನದ ಕೊರಳಿಗೆ ಮರದ ಕೊರಡು ಕಟ್ಟುವ ಪದ್ಧತಿ ನಮ್ಮಲ್ಲಿದೆ. ನಡೆದರೆ ಮಂಡಿಗೆ ಬಡಿಯುತ್ತದೆ, ಓಡಲಾಗುವುದಿಲ್ಲ. ಅಂಥದ್ದೊಂದನ್ನು ಒಂದು ತಿಂಗಳು ಕೆಂಚನ ಕೊರಳಿಗೆ ಕಟ್ಟುವುದು. ಕೊರಡು ಇರುವಾಗಲೂ ದನವೋ ಆಡೋ ಬೆದರಿದರೆ ಅದು ಕೆಂಚ ಅಲ್ಲ, ಸದಾಶಿವಪ್ಪ ಜಗಲಿಯ ಮೇಲೆ ತಪ್ಪು ಒಪ್ಪಿಕೊಳ್ಳಬೇಕು. ತಿಂಗಳು ಪೂರ್ತಿ ಏನೂ ಆಗದಿದ್ದರೆ ಅದು ಕೆಂಚನೇ, ನಾಯಿಯನ್ನು ಊರಿಗೆ ಬಿಟ್ಟುಕೊಡಬೇಕು. ಎರಡೂ ಕಡೆಯವರು ಒಪ್ಪಿದರು. ಕೊರಡಿನ ಮೇಲೆ ಕಣ್ಣಿಡಲು ನನ್ನನ್ನು ನೇಮಿಸಿದರು. ಯಜಮಾನರು, ‘ಪ್ರಸಾದು ಎದುರು ಮನೆಯವ. ಯಾರ ಹಾಲ್ಗೂ ಒಂದು ಗೆರೆ ಹೆಚ್ಚು ಬರ್ದವನಲ್ಲ’ ಎಂದರು. ನನಗೆ ಅದು ಹೆಮ್ಮೆ ಎನಿಸಿತು. ಇದನ್ನು ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಕೊರಡು ಜಾಲಿ ಮರದ್ದು. ಡೈರಿಯ ತಕ್ಕಡಿಯಲ್ಲಿ ನಾನೇ ತೂಗಿದೆ. 2 ಕಿಲೋ 300 ಗ್ರಾಂ. ಕಟ್ಟಿದವನೂ ನಾನೇ. ಬೇರೆ ಯಾರು ಹತ್ತಿರ ಹೋದರೂ ಕೆಂಚ ಹಲ್ಲು ತೋರಿಸುತ್ತಿತ್ತು. ನನಗೆ ಕುತ್ತಿಗೆ ಕೊಟ್ಟು ನಿಂತಿತು.

ಆರನೆಯ ದಿನಕ್ಕೆ ನಾಯಿಯ ಎಡ ಮುಂಗಾಲಿನ ಮಂಡಿ ಒಡೆಯಿತು. ಎಂಟನೆಯ ದಿನ ನೊಣ ಕೂರಲು ಶುರುವಾಯಿತು.

20-3-1996ರ ಬುಧವಾರ ಯುಗಾದಿ. ಬೆಳಗಿನ ಹಾಲು ಮುಗಿಸಿ 8 ಗಂಟೆಗೆ ಮನೆಗೆ ಬಂದು ಜಗಲಿಯ ಮೇಲೆ ಕುಳಿತಿದ್ದೆ. 8.40ಕ್ಕೆ ಕೆಂಪಾಜಮ್ಮ ಕೆಂಚನನ್ನು ತೆಂಗಿನ ಮರಕ್ಕೆ ಕಟ್ಟಿ ಕೊರಡು ಬಿಚ್ಚಿದರು. ಏಕೆಂದು ಕೇಳಿದೆ. ‘ಊರೋರೆಲ್ಲ ಎಣ್ಣೆ ನೀರು ಆಕ್ಕಂತಾವ್ರೆ ಪ್ರಸಾದಪ್ಪಾ. ಇದ್ಕೂ ಒಂದ್ ಚೂರು ಉಜ್ತೀನಿ. ಹುಣ್ಗೆ ಬೇವಿನೆಣ್ಣೆ ಬುಟ್ಟು ಮತ್ತ ಕಟ್ಬುಡ್ತೀನಿ, ನೀನೇ ನೋಡ್ತಾ ಇರು’ ಎಂದರು. ನೋಡುತ್ತಿದ್ದೆ. 9.15ಕ್ಕೆ ಕೊರಡು ಮತ್ತೆ ಕಟ್ಟಿದರು. ಒಟ್ಟು 35 ನಿಮಿಷ. ಈ ನಡುವೆ 8.58ಕ್ಕೆ ನನ್ನ ಹೆಂಡತಿ ಮೀನಾ ಬೇವುಬೆಲ್ಲಕ್ಕೆ ಒಳಗೆ ಕರೆದಳು. ಒಳಗೆ ಹೋಗಿ ತಿಂದು 9.02ಕ್ಕೆ ಹೊರಗೆ ಬಂದೆ. ಗೋಡೆ ಗಡಿಯಾರ ನೋಡಿದ್ದೇನೆ. ನಾನು ಬಂದಾಗ ಕೆಂಪಾಜಮ್ಮ ನಾಯಿಯ ಬಾಲಕ್ಕೆ ಎಣ್ಣೆ ಹಚ್ಚುತ್ತಿದ್ದರು. ನಾಯಿಯ ಕಾಲಿಗೆ ಮಣ್ಣು ಹತ್ತಿರಲಿಲ್ಲ. ಕಟ್ಟಿದ ಗಂಟು ಹಾಗೆಯೇ ಇತ್ತು.

ಅದೇ ಬೆಳಿಗ್ಗೆ ನಾಲೆ ಏರಿಯ ಮೇಲೆ ಚಿನ್ನಸ್ವಾಮಿಯವರ ಆಡುಗಳನ್ನು ಒಂದು ನಾಯಿ ಅಟ್ಟಿಸಿ ಒಂದು ಮರಿಯ ತೊಡೆ ಹರಿಯಿತು. ಹೊತ್ತು ಎಷ್ಟೆಂದು ಕೇಳಿದ್ದಕ್ಕೆ, ಒಂಬತ್ತು ಗಂಟೆ ಬಸ್ಸು ಆಗ ತಾನೆ ಹೋಗಿತ್ತು ಎಂದರು. ನಾಯಿಯ ಬಣ್ಣ ಕೇಳಿದ್ದಕ್ಕೆ ಕೆಂಚು ಎಂದರು. ಹಿಂದಿನಿಂದ ನೋಡಿದ್ದು, ಮುಖ ಕಾಣಲಿಲ್ಲ ಎಂದರು.

21-3-1996ರ ಗುರುವಾರ ಬೆಳಿಗ್ಗೆ 10 ಗಂಟೆಗೆ ಮತ್ತೆ ನ್ಯಾಯ ಸೇರಿತು. ಇದಕ್ಕೆ ಮೊದಲು ಎರಡು ಸಲ ನೀರು ಬೆರೆತಿದೆಯೆಂದು ಸದಾಶಿವಪ್ಪನವರ ಹಾಲನ್ನು ನಾನು ವಾಪಸ್ ಕಳಿಸಿದ್ದೆ. ಒಂದು ನಿಮಿಷ ಆ ಕಡೆ ಈ ಕಡೆ ಹೇಳಿದರೂ ಹಳೆಯ ಸೇಡು ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದುಕೊಂಡು ಹೋದೆ.

ಒಂಬತ್ತು ಗಂಟೆಯಲ್ಲಿ ಕೊರಡು ಇತ್ತೋ ಇಲ್ಲವೋ ಎಂದು ಯಜಮಾನರು ಕೇಳಿದರು. ಇರಲಿಲ್ಲ ಎಂದೆ. ನಾಯಿ ನನ್ನ ಕಣ್ಣಿಗೆ ಕಾಣುತ್ತಿತ್ತೋ ಎಂದು ಕೇಳಿದರು. ಮೂವತ್ತೊಂದು ನಿಮಿಷ ಕಂಡಿತು, ನಾಲ್ಕು ನಿಮಿಷ ಕಾಣಲಿಲ್ಲ ಎಂದೆ.

ಸದಾಶಿವಪ್ಪ ಎದ್ದು ನಿಂತು, ‘ನಾಕು ನಿಮ್ಸಕ್ಕ ನಾಯಿ ನಾಲೆಗೋಗಿ ಬರಾದಾ ಇಲ್ವಾ? ಅದ ಹೇಳು ಪ್ರಸಾದು’ ಎಂದರು.

ಕೆಂಪಾಜಮ್ಮನವರ ಮನೆಯಿಂದ ನಾಲೆಗೆ 520 ಹೆಜ್ಜೆ. ಬರೀ ಓಟದ ಲೆಕ್ಕ ಕೇಳಿದರೆ ಹೋಗಿ ಬರಬಹುದು, ಆದರೆ ನಾಯಿಯನ್ನು ಕಟ್ಟಿತ್ತು ಎಂದು ಹೇಳಿದೆ. ನನ್ನ ಮಾತಿನ ಮೊದಲ ಅರ್ಧ ಮಾತ್ರ ಜಗಲಿಯ ಕೆಳಗಿದ್ದವರಿಗೆ ಮುಟ್ಟಿತು. ಆಮೇಲೆ ಗಲಾಟೆ.

ಕೆಂಪಾಜಮ್ಮ, ‘ನನ್ ಕೈಲೇ ಇತ್ತು ಕನ್ರಪ್ಪಾ, ಅದರ ಮೈ ಮ್ಯಾಲ ನನ್ ಎರಡೂ ಕೈ ಇದ್ವು’ ಎಂದರು.

ಯಜಮಾನರು, ‘ನಿನ್ ನಾಯಿ, ನಿನ್ ಮಾತು. ಪ್ರಸಾದ ನೋಡಿಲ್ಲ ಅಂತಾವ್ನಲ್ಲವ್ವ’ ಎಂದರು.

ನಾಯಿಯನ್ನು ಬಿಟ್ಟುಕೊಡಬೇಕೆಂದು ತೀರ್ಮಾನವಾಯಿತು. 12.15ಕ್ಕೆ ಸದಾಶಿವಪ್ಪ ಮತ್ತು ಇನ್ನಿಬ್ಬರು ಕೆಂಚನನ್ನು ಹಗ್ಗದಲ್ಲಿ ಎಳೆದುಕೊಂಡು ಕೆರೆಯ ಕೆಳಗಿನ ಬಯಲಿಗೆ ಹೋದರು. ಕೆಂಪಾಜಮ್ಮ ಹಿಂದೆ ಹೋದರು. ಅವರ ಹಿಂದೆ ನಾನು ಹೋದೆ. ಅವರು ಬೇರೇನೂ ಬೇಡಲಿಲ್ಲ. ‘ಕೊರಡಾರ ಬಿಚ್ರಪ್ಪಾ, ಅಗುರಾಗಿ ಸಾಯ್ಲಿ’ ಎಂದರು. ಸದಾಶಿವಪ್ಪ, ‘ಬಿಚ್ಚುದ್ರ ಓಡೋಯ್ತದೆ, ನಿಂಗೇನ್ ಗೊತ್ತು ಸುಮ್ನಿರಮ್ಮೀ’ ಎಂದರು. ಹಾರೆಯಿಂದ ಮೂರು ಏಟು. ಮೊದಲ ಏಟಿಗೆ ನಾಯಿ ಓಡಲು ನೋಡಿತು. ಕೊರಡು ಮಂಡಿಗೆ ಸಿಕ್ಕಿ ಮಗುಚಿ ಬಿತ್ತು. ಬಿದ್ದದ್ದು ನನ್ನ ಕಡೆಗೆ.

ಸಾಹೇಬರು, ಇದೆಲ್ಲ ನಾಯಿಯ ವಿಚಾರ, ಕೇಸಿಗೆ ಸಂಬಂಧವಿಲ್ಲ ಎಂದರು. ಮುಂದಿನದು ಹೇಳುತ್ತಿದ್ದೇನೆ.

24-3-1996ರ ಭಾನುವಾರ ಬೆಳಿಗ್ಗೆ 7.50ಕ್ಕೆ ನಾನು ಡೈರಿಯಿಂದ ನಾಲೆ ಏರಿಯ ಮೇಲೆ ಮನೆಗೆ ಬರುತ್ತಿದ್ದೆ. ಯಜಮಾನರೂ ಚಿನ್ನಸ್ವಾಮಿಯೂ ಅಲ್ಲಿದ್ದರು. ಕುಂತೂರಿನ ಕಡೆಯ ಕಬ್ಬಿನ ಗದ್ದೆಯಿಂದ ಒಂದು ಕೆಂಚು ನಾಯಿ ಬಂದು ಯಜಮಾನರ ಎರಡು ಕರುಗಳನ್ನು ಸುಮಾರು ನೂರು ಅಡಿ ಅಟ್ಟಿಸಿತು. ನಾವು ಮೂವರೂ ಕೂಗಿದ ಮೇಲೆ ಮತ್ತೆ ಕಬ್ಬಿನೊಳಕ್ಕೆ ನುಗ್ಗಿತು. ಅದರ ಎಡ ಕಿವಿ ಹರಿದಿತ್ತು. ನಮ್ಮೂರಿನ ನಾಯಿ ಅಲ್ಲ.

ಚಿನ್ನಸ್ವಾಮಿ, ‘ಯಜಮಾನ್ರೇ, ಅವತ್ತು ನಾ ಕಂಡದ್ದು ಇದ್ನೇ ಕನ. ಓಟ ಇದೇಯ’ ಎಂದರು.

ಯಜಮಾನರು, ‘ಸುಮ್ನಿರ್ಲಾ ಲೇ. ಕರುಗಳ್ಗೇನೂ ಆಗಿಲ್ಲ, ನಡಿ’ ಎಂದರು.

ನಾನು ನೇರವಾಗಿ ಕೆಂಪಾಜಮ್ಮನವರ ಮನೆಗೆ ಹೋಗಿ ಕಂಡದ್ದನ್ನು ಹೇಳಿದೆ. ಅವರು ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ಪೂರ್ತಿ ಹಾಕಿ ಮುಗಿಸಿದ ಮೇಲೆ, ‘ಆ ನಾಕು ನಿಮ್ಸವ ನುಂಗ್ಕಂಡಿದ್ರ ನಿನ್ ಗಂಟೇನು ಓಯ್ತಿತ್ತು ಪ್ರಸಾದಪ್ಪಾ?’ ಎಂದು ಕೇಳಿದರು. ಆಮೇಲೆ ಅವರು ನನ್ನೊಡನೆ ಮಾತಾಡಿಲ್ಲ.

ಅದೇ ದಿನ 10 ಗಂಟೆಗೆ ಅವರು ಯಜಮಾನರ ಮನೆಗೆ ಹೋಗಿ ನ್ಯಾಯ ಸೇರಿಸಬೇಕೆಂದು, ಸದಾಶಿವಪ್ಪ ಜಗಲಿಯ ಮೇಲೆ ತಪ್ಪು ಒಪ್ಪಿಕೊಳ್ಳಬೇಕೆಂದು ಕೇಳಿದರು. ಬೀದಿಯಲ್ಲಿ ನಿಂತಿದ್ದ ನನಗೂ ಕೇಳಿಸಿತು. ಯಜಮಾನರು, ‘ಓಗ್ಲಿ ಬುಡು ಕೆಂಪಾಜಿ. ಸತ್ತದ್ದು ನಾಯಿ ತಾನೆ? ಮನ್ಸನ್ನ ಕರ್ದು ನಾಯಿ ಮುಂದ ತಪ್ಪಾಯ್ತು ಅನ್ಸಕ್ಕಾದಾ?’ ಎಂದರು. ಕೆಂಪಾಜಮ್ಮ, ‘ನಾಯಿ ಮುಂದ ಬ್ಯಾಡಿ, ನನ್ ಮುಂದ ಅನ್ಸಿ’ ಎಂದರು. ಯಜಮಾನರು ಒಳಗೆ ಹೋದರು. ಸೋಮವಾರ ನ್ಯಾಯ ಸೇರಲಿಲ್ಲ. ಮಂಗಳವಾರವೂ ಸೇರಲಿಲ್ಲ.

26-3-1996ರ ಮಂಗಳವಾರ ಸಂಜೆ 6.20ಕ್ಕೆ ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ಹದಿನಾಲ್ಕು ಜನ ಇದ್ದರು. ಕಿಟಕಿಯ ಮುಂದೆ ಕೆಂಪಾಜಮ್ಮ, ಅವರ ಹಿಂದೆ ಸದಾಶಿವಪ್ಪ. ನನಗೂ ಅವರಿಗೂ ನಡುವೆ ಎರಡು ಅಡಿ ಅಗಲದ ಕಟ್ಟೆ. ವಿದ್ಯುತ್ ಇತ್ತು, ದೀಪ ಉರಿಯುತ್ತಿತ್ತು. ಕೆಂಪಾಜಮ್ಮನವರ ಹಾಲನ್ನು ಸುರಿದುಕೊಂಡು ಖಾಲಿ ಕ್ಯಾನನ್ನು ಅವರ ಕೈಗೆ ಕೊಟ್ಟೆ. ಆಗ ಸದಾಶಿವಪ್ಪ, ‘ಕೆಂಪಾಜಮ್ಮೋ, ಇನ್ನೊಂದು ಮರಿ ತಕ್ಕಂಡು ಬಂದು ಸಾಕಮ್ಮೀ. ಕೊರಡು ನಮ್ಮನ್ಲೇ ಅದೆ, ಒಲೆಗಾಕಿಲ್ಲ. ಬೇಕಾರ ಪ್ರಸಾದು ಇನ್ನೊಂದ್ಸಲ ತೂಗ್ಕೊಡ್ತಾನೆ’ ಎಂದರು. ಸಾಲಿನಲ್ಲಿ ಮೂವರು ನಕ್ಕರು. ಕೇಳಿದರೆ ಅವರ ಹೆಸರು ಹೇಳಬಲ್ಲೆ.

ಇದಾದ ಮೇಲೆ ನಾನು ಕೆಂಪಾಜಮ್ಮನವರ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ಬಗ್ಗಿದೆ. ಅದನ್ನು ಓದುವವನು ಕಣ್ಣನ್ನು ಹಾಲಿನ ಮಟ್ಟಕ್ಕೆ ತರಬೇಕು. ತಂದಿದ್ದೆ. ಸದ್ದು ಕೇಳಿ ತಲೆ ಎತ್ತಿದಾಗ ಸದಾಶಿವಪ್ಪ ನೆಲದ ಮೇಲೆ ಕುಳಿತಿದ್ದರು. ಎಡ ಕಿವಿಯ ಮೇಲಿಂದ ರಕ್ತ ಬರುತ್ತಿತ್ತು. ಒಂದು ಕ್ಯಾನು ನೆಲದ ಮೇಲಿತ್ತು, ಅದರ ಮುಚ್ಚಳ ಬಾಗಿಲ ಹತ್ತಿರ ಇತ್ತು. ನನ್ನ ಟವೆಲನ್ನು ಅವರ ತಲೆಗೆ ಕಟ್ಟಿ, ಆಟೋದಲ್ಲಿ ಯಳಂದೂರು ಆಸ್ಪತ್ರೆಗೆ ನಾನೇ ಕರೆತಂದೆ. ಆರು ಹೊಲಿಗೆ ಹಾಕಿದರು.

ಯಾರು ಹೊಡೆದರೆಂದು ಸಾಹೇಬರು ಕೇಳಿದರು. ನಾನು ನೋಡಲಿಲ್ಲ.

ಎರಡು ಅಡಿ ದೂರದಲ್ಲಿದ್ದು ನೋಡಲಿಲ್ಲವೇ ಎಂದು ಕೇಳಿದರು. ನೋಡಲಿಲ್ಲ.

ಕೆಂಪಾಜಮ್ಮನವರ ಕೈಯಲ್ಲಿದ್ದ ಕ್ಯಾನು ಆಮೇಲೆ ಎಲ್ಲಿತ್ತು ಎಂದು ಕೇಳಿದರು. ಸಂಘದಿಂದ ಕೊಟ್ಟ ಕ್ಯಾನುಗಳೆಲ್ಲ ಒಂದೇ ತರಹ ಇವೆ, ಯಾರದು ಯಾವುದೆಂದು ಹೇಳಲಾರೆ.

ಮೂರು ವಾರದ ಗಂಟೆ ನಿಮಿಷ ಹೇಳಿದವನಿಗೆ ಇದೊಂದು ಹೇಗೆ ಕಾಣಲಿಲ್ಲ ಎಂದು ಸಾಹೇಬರು ಗಟ್ಟಿಯಾಗಿ ಕೇಳಿದರು. ಸಾಲಿನಲ್ಲಿದ್ದ ಮಿಕ್ಕವರೆಲ್ಲ ‘ಪ್ರಸಾದಪ್ಪ ಏನು ಹೇಳ್ತಾನೋ ಅದೇ ನಮ್ದೂ ಸಾ’ ಎಂದಿದ್ದಾರೆಂದೂ, ನಾನು ನೋಡಿಲ್ಲವೆಂದರೆ ಈ ಕೇಸು ನಿಲ್ಲುವುದಿಲ್ಲವೆಂದೂ ತಿಳಿಸಿದರು. ಅದು ನನಗೆ ಗೊತ್ತಿದೆ ಎಂದು ಹೇಳಿದೆ.

ಮೇಲಿನದನ್ನು ಓದಿ ಹೇಳಿದರು. ನೋಡಿದೆ ಎಂದದ್ದನ್ನು ನೋಡಿದೆ ಎಂದೂ, ನೋಡಲಿಲ್ಲ ಎಂದದ್ದನ್ನು ನೋಡಲಿಲ್ಲ ಎಂದೂ ಸರಿಯಾಗಿ ಬರೆದುಕೊಂಡಿದ್ದಾರೆ. ತಿದ್ದುವುದು ಏನೂ ಇಲ್ಲ.

ಸ್ಥಳ: ಯಳಂದೂರು
ದಿನಾಂಕ: 28-3-1996, ಮಧ್ಯಾಹ್ನ 1.25

(ಸಹಿ) ಮಹದೇವಪ್ರಸಾದ್