ತಳದೊಳಗಿನ ಸದ್ದು

ಹುಳಿಯಾರಿನ ಬಸ್ಸಿನಲ್ಲಿ ಹನುಮಂತಮ್ಮನ ಮುಂದಿನ ಸೀಟಿಗೆ ಈರೇಶ ತನ್ನ ಭಾವನ ಜೊತೆ ಬಂದು ಕೂತ. ಕೆರೆಯಲ್ಲಿ ಜನರನ್ನು ಆಡಿಸಲು ಹಳೇ ಮೋಟಾರು ದೋಣಿ ಕೊಂಡಿದ್ದನಂತೆ. ಅದನ್ನು ತೋರಿಸಲು ಭಾವನನ್ನು ಕರೆದೊಯ್ಯುತ್ತಿದ್ದ.

“ಮಾರ್ದೋನು ಹೊಸದ್ರ ಕಾಲು ಭಾಗದ್ ರೇಟ್ಗೇ ಬುಟ್ಟ ಕಣ್ ಭಾವ. ಹಿಂದೆ ಹಗ್ಗ ಕಟ್ಟಿ ಎಳುದ್ರೆ ಹುಡುಗ್ರು ಹಲಗೆ ಮ್ಯಾಲೆ ನಿಂತು ನೀರ್ ಮ್ಯಾಲೆ ಜಾರ್ಕಂಡ್ ಬತ್ತಾರೆ.”

“ತಳ ನೋಡ್ದೇನಪ್ಪ?”

“ಹೊಸಾ ಬಣ್ಣ ಹೊಡ್ದವ್ನೆ. ಟ್ರ್ಯಾಕ್ಟರಿಂದ ಇಳಿಸ್ವಾಗ ಒಳಗೆ ಗುಳುಗುಳು ಅಂತು. ಪೆಟ್ರೋಲ್ ಅಂದ್ಕಂಡೆ.”

“ಪೆಟ್ರೋಲ್ ಡಬ್ಬ ಎಲ್ಲಿತ್ತು?”

ಈರೇಶ ತಡವರಿಸಿದ. “ಅದ್ನ ಮೊದ್ಲೇ ಬಿಚ್ಚಿ ಇಳಿಸಿದ್ವಿ.”

“ಲೇ, ಅಟ್ಟದ ತೆಂಗಿನ್ಕಾಯಿ ಅಲ್ಲಾಡ್ಸಿ, ನೀರಿನ ಸದ್ದು ಬಂದ್ರೆ ಇನ್ನೂ ಕೊಬ್ರಿ ಆಗಿಲ್ಲ ಅಂತ ಅಲ್ಲೇ ಬುಡ್ತೀಯ. ಇದ್ನ ಕೇಳಿ ಸುಮ್ನಾದ್ಯಾ? ತಳದೊಳಕ್ಕೆ ನೀರು ಸೇರ್ಕಂಡೈತೆ, ಎಲ್ಲೋ ಬಿರುಕು ಬಿಟ್ಟೈತೆ ಕಣ್ಲಾ! ಈಗೆಲ್ಲೈತೆ ದೋಣಿ?”

“ಕೆರೇಲಿ.” ಈರೇಶ ಎದ್ದು ಕಿಟಕಿಯಿಂದ ಕೆರೆಯತ್ತ ಬಗ್ಗಿ ನೋಡಿದ. “ಮೆಕ್ಯಾನಿಕ್ಕು ಒಂದ್ ರೌಂಡ್ ಹೋಗಿರ್ತಾನೆ. ರಜೆಗೆ ಬಂದವ್ಳಲ್ಲ ಮಂಜುಶ್ರೀ, ಅವ್ಳೂ ಹತ್ತುತೀನಿ ಅಂದ್ಲು.”

“ನನ್ ಮಗ್ಳಾ?”

ಕೆರೆ ಸ್ಟಾಪಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಬ್ಬರೂ ಧುಮುಕಿ ಏರಿಯತ್ತ ಓಡಿದರು.

ಬಸ್ಸು ಹೊರಟಿತು. ರಸ್ತೆ ಕುಲುಕಿದಾಗಲೆಲ್ಲ ಹನುಮಂತಮ್ಮನ ಮಡಿಲಲ್ಲಿದ್ದ ಪೂಜೆಯ ಕಾಯಿಯೊಳಗೆ ನೀರು ಗುಳುಗುಳು ಎಂದಿತು. ಅವಳು ಅದನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದಳು. ಸದ್ದು ನಿಲ್ಲಲಿಲ್ಲ.